ದರ್ಗಾದ ಕಂಬಿಗೆ ಕಟ್ಟಿದ ಚಾವಿ

ಮಳಖೇಡ
೨೭ ಜುಲೈ ೨೦೨೫, ರವಿವಾರ

ಪ್ರೀತಿಯ ತಮ್ಮ ದತ್ತುವಿಗೆ, ಅಕ್ಕ ಸುಜಾತಾಳ ಆಶೀರ್ವಾದ.

ಹೇಗಿದ್ದೀ? ಕೈ ನಡುಗುವುದು ನಿಂತಿತೇ? ನಿದ್ದೆ ಬರುತ್ತದೆಯೇ? ಮಧ್ಯಾಹ್ನ ಅನ್ನ, ಸಂಜೆಗೆ ಚಪಾತಿ, ಜೋಳದ ರೊಟ್ಟಿ ಮಾತ್ರ ಇಲ್ಲ ಎಂದು ನಿಮ್ಮ ಕೇಂದ್ರದ ಕಾರಕೂನರು ಫೋನಿನಲ್ಲಿ ಹೇಳಿದರು. ಅನ್ನ ಉಂಡರೆ ಉಂಡಂಗೇ ಆಗಂಗಿಲ್ಲ ಎನ್ನುತ್ತಿದ್ದವನು ನೀನು, ಈಗ ಸುಮ್ಮನೆ ಉಣ್ಣುತ್ತಿರಬೇಕು. ಕುಡಿತ ಬಿಡಿಸುವವರು ರೊಟ್ಟಿಯನ್ನೂ ಯಾಕೆ ಬಿಡಿಸುತ್ತಾರೋ ನನಗೆ ತಿಳಿಯಲಿಲ್ಲ. ಅಲ್ಲಿ ಫೋನು ಮುಟ್ಟಗೊಡುವುದಿಲ್ಲ, ಪತ್ರಕ್ಕೆ ಅಡ್ಡಿಯಿಲ್ಲವಂತೆ, ಹಾಗಾಗಿ ಬರೆಯಲು ಕೂತಿದ್ದೇನೆ. ಹತ್ತನೆಯ ಇಯತ್ತೆಯ ಪರೀಕ್ಷೆಯಲ್ಲಿ ಪ್ರವಾಸಕ್ಕೆ ದುಡ್ಡು ಕೇಳಿ ತಂದೆಯವರಿಗೊಂದು ಪತ್ರ ಬರೆದದ್ದೇ ಕೊನೆ. ಆಮೇಲೆ ಈ ಕೈ ಅಂಗನವಾಡಿಯ ಹಾಜರಿ ಪುಸ್ತಕ ಬಿಟ್ಟು ಬೇರೇನನ್ನೂ ಬರೆದಿಲ್ಲ. ನಿನಗೆ ಕೊಡುವ ಮೊದಲು ಅಲ್ಲಿಯ ಸಾಹೇಬರು ಇದನ್ನು ಓದುತ್ತಾರಂತೆ. ಓದಲಿ, ನಮ್ಮ ಮನೆಯ ಸುದ್ದಿ ಊರಿಗೆಲ್ಲ ಗೊತ್ತಿದ್ದದ್ದೇ.

ಅವ್ವ ಇದ್ದಾಳೆ. ಕಾಲಿನ ಬಾವು ಸ್ವಲ್ಪ ಇಳಿದಿದೆ. ದಿನಕ್ಕೆ ನಾಲ್ಕೇ ಲೋಟ ನೀರು ಎಂದು ಡಾಕ್ಟರು ಅಳತೆ ಹಾಕಿಕೊಟ್ಟಿದ್ದಾರೆ. ಐದನೆಯದನ್ನು ಕದ್ದು ಕುಡಿಯುತ್ತಾಳೆ, ಸಿಕ್ಕಿಬಿದ್ದರೆ ಬಾಯಿ ಮುಕ್ಕಳಿಸಿದೆ ಎನ್ನುತ್ತಾಳೆ. ನಾಡಿದ್ದು ಪಂಚಮಿ. ಉಂಡಿ ಕಟ್ಟಲೇಬೇಕು ಎಂದು ಕೂತಿದ್ದಾಳೆ, ಯಾರು ತಿನ್ನುವವರು ಎಂದರೆ ಬೆಲ್ಲ ತೆಗೆದುಕೊಂಡು ಬಾ ಎನ್ನುತ್ತಾಳೆ. ಗಂಡ ತೀರಿದ ಮೇಲೆ ಹನ್ನೊಂದು ವರ್ಷದಿಂದ ತವರಿನಲ್ಲೇ ಇರುವ ನನ್ನನ್ನು ನೀನು ಪ್ರತಿ ಪಂಚಮಿಗೂ ಅಂಗಳಕ್ಕೆ ಎಳೆದು ನಿಲ್ಲಿಸಿ, ತಲೆಗೆ ಟವೆಲ್ ಸುತ್ತಿಕೊಂಡು, ‘ತವರಿಗಿ ಬಾ ಅಕ್ಕಾ, ಕರೀಲಿಕ್ಕ ಬಂದೀನಿ’ ಎಂದು ಮತ್ತೆ ಒಳಗೆ ಕರೆದುಕೊಂಡು ಹೋಗಿ ಚಾಷ್ಟಿ ಮಾಡುತ್ತಿದ್ದೆ. ಈ ವರ್ಷ ನಾನು ಅಂಗಳಕ್ಕೆ ಹೋಗಿ ನಿಲ್ಲುವುದಿಲ್ಲ.

ಇನ್ನು ಸುದ್ದಿ. ಕಾರಿಗೆ ಹೊಸ ಚಾವಿ ಮಾಡಿಸಿದ್ದೇನೆ. ನಿನ್ನನ್ನು ಕೇಳದೆ ಮಾಡಿಸಿದ್ದೇನೆ, ಅದಕ್ಕೇ ಈ ಪತ್ರ. ಕಾರು ನಿನ್ನದು, ಅದು ನನಗೆ ಗೊತ್ತಿದೆ. ಸಿಮೆಂಟ್ ಫ್ಯಾಕ್ಟರಿಯಲ್ಲಿ ನಾಲ್ಕು ವರ್ಷ ಚೀಲ ಏರಿಸಿ ಇಳಿಸಿ, ಚಿಂಚೋಳಿಯ ಅಶೋಕಕುಮಾರ ಮಾಸ್ತರರಿಂದ ನೀನೇ ಕೊಂಡದ್ದು. ಆರ್.ಸಿ. ಪುಸ್ತಕದಲ್ಲಿ ನಿನ್ನ ಹೆಸರೇ ಇದೆ. ಮಾಸ್ತರರು ಎರಡು ಚಾವಿ ಕೊಟ್ಟಿದ್ದರು. ಒಂದು ಯಾವಾಗಲೂ ನಿನ್ನ ಜೇಬಿನಲ್ಲಿ ಇರುತ್ತಿತ್ತು. ಕೇಂದ್ರಕ್ಕೆ ಸೇರಿಸಿದ ದಿನ ವಾಚು, ಫೋನಿನ ಜೊತೆ ಅದನ್ನೂ ಅವರು ಲಕೋಟೆಗೆ ಹಾಕಿ ಕಪಾಟಿನಲ್ಲಿಟ್ಟುಕೊಂಡರು. ನಿನ್ನ ಅವಧಿ ಮುಗಿಯುವವರೆಗೆ ಯಾವ ಸಾಮಾನನ್ನೂ ಹೊರಗೆ ಕೊಡುವುದಿಲ್ಲವಂತೆ. ಇನ್ನೊಂದು ಚಾವಿ ಅವ್ವನ ಹತ್ತಿರ ಇತ್ತು. ಅದು ಇದ್ದೂ ಇಲ್ಲದಂತಾಯಿತು, ಹೇಗೆ ಎಂದು ಮುಂದೆ ಬರೆಯುತ್ತೇನೆ. ಒಟ್ಟಿನಲ್ಲಿ ಕಾರು ಮನೆ ಮುಂದೆ, ನಾವು ಬಸ್ಸಿನಲ್ಲಿ.

ಸೋಮವಾರ, ಗುರುವಾರ ಸೇಡಂ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗುವುದು ತಪ್ಪುವಂತಿಲ್ಲ. ಹೋಗುವಾಗ ಅಡ್ಡಿಯಿಲ್ಲ. ನಾಲ್ಕು ತಾಸು ಮಶೀನಿಗೆ ರಕ್ತ ಕೊಟ್ಟು ಹೊರಬಂದ ಮೇಲೆ ಅವಳಿಗೆ ನಿಲ್ಲಲು ಆಗುವುದಿಲ್ಲ, ಬಸ್ಸಿನಲ್ಲಿ ಜಾಗ ಸಿಗುವುದಿಲ್ಲ. ಜೂನ್ ಕೊನೆಗೆ ಒಂದು ದಿನ ಕೈಯ ಪಟ್ಟಿ ಸರಿದು ರಕ್ತ ಸೀರೆಗೆ ಇಳಿಯಿತು. ಗುಂಡಗುರ್ತಿಗೆ ಹೊರಟಿದ್ದ ಅನಸುಬಾಯಿ ಎಂಬಾಕೆ ಎದ್ದು ಜಾಗ ಕೊಟ್ಟು, ತನ್ನ ಸೆರಗಿನಿಂದ ಒತ್ತಿ ಹಿಡಿದಳು. ಡ್ರೈವರು ಬಸ್ಸು ನಿಲ್ಲಿಸಲಿಲ್ಲ, ನಿಲ್ಲಿಸಿರಿ ಎಂದು ನಾನು ಹೇಳಲೂ ಇಲ್ಲ. ಕಿಟಕಿಯ ಹೊರಗೆ ತೊಗರಿ ಹೊಲ ನೋಡುತ್ತಾ ನಿಂತಿದ್ದೆ. ಮನೆಗೆ ಬಂದು ಸೀರೆ ನೆನೆಹಾಕಿದೆ, ಕಲೆ ಹೋಗಲಿಲ್ಲ.

ನೀನು ಆಶ್ಚರ್ಯಪಡುವ ಸಂಗತಿ ಒಂದಿದೆ. ನಾನು ಗಾಡಿ ನಡೆಸುವುದನ್ನು ಕಲಿತಿದ್ದೇನೆ. ಪಕ್ಕದ ಮನೆ ಚಾಂದ್ ಸಾಬರ ಮಗಳು ಜಬೀನ್, ಅಪ್ಪನ ಸಾಮಾನಿನ ಗಾಡಿ ಓಡಿಸುತ್ತಾಳಲ್ಲ, ಅವಳೇ ಕಲಿಸಿದಳು. ‘ಅಕ್ಕಾ, ಸ್ಟೇರಿಂಗ್ ಹಿಂಗ್ಯಾಕ ಹಿಡದೀರಿ, ರೊಟ್ಟಿ ಬಡ್ಯಾಕತ್ತೀರೇನು’ ಎಂದು ನಗುತ್ತಿದ್ದಳು. ಎರಡು ಸಲ ಊರ ಅಗಸಿಯ ಕಲ್ಲಿಗೆ ಗಾಡಿ ತಾಗಿಸಿದೆ. ಈ ತಿಂಗಳ ಎರಡನೆಯ ವಾರ ಲೈಸೆನ್ಸ್ ಬಂತು. ಫೋಟೋದಲ್ಲಿ ನಾನು ಯಾರದೋ ಮಣ್ಣಿಗೆ ಹೋಗಿ ಬಂದವಳಂತೆ ಕಾಣುತ್ತೇನೆ.

ಆ ಗುರುವಾರದ ಸಂಗತಿಯನ್ನು ನಿನಗೆ ಯಾರೂ ಪೂರ್ತಿ ಹೇಳಿಲ್ಲ. ಅವ್ವ ಹೇಳಗೊಡಲಿಲ್ಲ. ಈಗ ನಾನು ಹೇಳುತ್ತೇನೆ, ಬೈಯಲಿಕ್ಕಲ್ಲ. ಮೇ ಹದಿನೈದನೆಯ ತಾರೀಖು. ನಾನು ಅಂಗನವಾಡಿಯಲ್ಲಿದ್ದೆ, ಅವ್ವನನ್ನು ಆಸ್ಪತ್ರೆಯಿಂದ ತರಲು ನೀನು ಹೋಗಿದ್ದೆ. ಸೇಡಂನಲ್ಲೇ ಕುಡಿದಿದ್ದೆ. ಊರು ಇನ್ನೂ ಮೂರು ಕಿಲೋಮೀಟರು ಇರುವಾಗ ರಸ್ತೆಯ ಬದಿಗೆ ಕಾರು ನಿಲ್ಲಿಸಿ ಇಳಿದೆ, ಬಾಗಿಲಿಗೆ ಚಾವಿ ಹಾಕಿ ಜೇಬಿಗಿಳಿಸಿದೆ, ಬೇವಿನ ಮರದ ಕೆಳಗೆ ಹೋಗಿ ಮಲಗಿದೆ. ಅವ್ವ ಹಿಂದಿನ ಸೀಟಿನಲ್ಲಿದ್ದಳು. ಆ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ, ಗಾಜು ಇಳಿಸುವ ಹಿಡಿ ಮುರಿದು ಆರು ತಿಂಗಳಾಗಿತ್ತು. ಮುಂದಿನ ಸೀಟಿಗೆ ದಾಟಿ ಬರುವ ಶಕ್ತಿ ಅವಳಲ್ಲಿ ಇರಲಿಲ್ಲ. ನಡು ಮಧ್ಯಾಹ್ನದ ಬಿಸಿಲು, ನಮ್ಮ ಕಡೆಯ ಮೇ ತಿಂಗಳ ಬಿಸಿಲು. ಮುಕ್ಕಾಲು ತಾಸು ಅವಳು ಚಪ್ಪಲಿಯಿಂದ ಗಾಜು ಬಡಿಯುತ್ತಿದ್ದಳಂತೆ. ಆಡು ಕಾಯುವ ಮುದುಕನೊಬ್ಬ ಕಂಡು ಕಲ್ಲು ತಂದು ಗಾಜು ಒಡೆದ.

ನಾನು, ಚಾಂದ್ ಸಾಬರು ಹೋದಾಗ ಅವಳನ್ನು ಅದೇ ಬೇವಿನ ನೆರಳಿನಲ್ಲಿ ಮಲಗಿಸಿದ್ದರು. ಮುಖ ಕಪ್ಪಿಟ್ಟಿತ್ತು, ತುಟಿ ಒಡೆದಿದ್ದವು. ಎರಡು ಮಾರು ಆಚೆ ನೀನು ಗೊರಕೆ ಹೊಡೆಯುತ್ತಿದ್ದೆ. ಕೂಡಿದ ಜನ ನಿನ್ನನ್ನು ಎಬ್ಬಿಸಿ ಹೊಡೆಯಲು ಹೊರಟಿದ್ದರು. ಅವ್ವ ಕೈ ಎತ್ತಿ, ‘ದಣದಾನ, ಎಬ್ಬಸಬ್ಯಾಡ್ರಿ’ ಎಂದಳು. ಅಷ್ಟೇ ಅವಳು ಆಡಿದ ಮಾತು. ಆವತ್ತಿನಿಂದ ನನಗೆ ಏನೋ ಆಗಿದೆ, ದತ್ತು. ಅಳು ಬರುವುದಿಲ್ಲ. ಸಿಟ್ಟೂ ಬರುವುದಿಲ್ಲ. ಒಲೆ ಹಚ್ಚುತ್ತೇನೆ, ಅಂಗನವಾಡಿಯ ಮಕ್ಕಳಿಗೆ ಮೊಟ್ಟೆ ಸುಲಿದು ಕೊಡುತ್ತೇನೆ, ಅವ್ವನ ಮಾತ್ರೆ ಎಣಿಸುತ್ತೇನೆ. ಐದು ದಿನ ಬಿಟ್ಟು ನಿನ್ನನ್ನು ಕಲಬುರಗಿಗೆ ತಂದು ಬಿಡುವಾಗ ನೀನು ಗೇಟಿನಲ್ಲಿ ತಿರುಗಿ ನೋಡಿದೆ, ನಾನು ಆಟೋದವನ ಜೊತೆ ಚಿಲ್ಲರೆಗೆ ಮಾತಾಡುತ್ತಿದ್ದೆ.

ಆ ವಾರವೇ ಅವ್ವ ತನ್ನ ಹತ್ತಿರವಿದ್ದ ಚಾವಿಯನ್ನು ಒಯ್ದು ಹೊಳೆದಂಡೆಯ ದರ್ಗಾದ ಕಂಬಿಗೆ ಹಸಿರು ದಾರದಲ್ಲಿ ಕಟ್ಟಿ ಬಂದಳು. ಮನೆಗೆ ಯಾವುದರಿಂದ ಪೀಡೆಯೋ ಅದರದೊಂದು ವಸ್ತು ಅಲ್ಲಿ ಕಟ್ಟುವುದು ನಿನಗೆ ಗೊತ್ತಿದ್ದ ಪದ್ಧತಿಯೇ. ಕಂಬಿಯ ತುಂಬ ಕೀಲಿ, ಬಳೆ, ಯಾರದೋ ಮೊಬೈಲಿನ ಚಾರ್ಜರು ಕೂಡ ಜೋತಾಡುತ್ತಿವೆ. ಮುಂದಿನ ಉರುಸಿನ ತನಕ ನೀನು ಒಂದು ಹನಿ ಮುಟ್ಟದಿದ್ದರೆ ಹರಕೆ ಮುಟ್ಟಿದಂತೆ. ಆಗ ನೀನೇ ಹೋಗಿ, ಸಕ್ಕರೆ ಹಂಚಿ, ನಿನ್ನ ಕೈಯಿಂದಲೇ ಬಿಚ್ಚಬೇಕು. ಅದಕ್ಕೆ ಮೊದಲು ಬೇರೆ ಯಾರಾದರೂ ಬಿಚ್ಚಿದರೆ ಹರಕೆ ಹೋಯಿತು. ನಾನು ಅವಳಿಗೆ ತಿಳಿಸಿ ಹೇಳಿದೆ. ಅಲ್ಲಿ ಕಟ್ಟುವುದೇ ಇದ್ದರೆ ಖಾಲಿ ಬಾಟಲಿ ಕಟ್ಟಬೇಕಿತ್ತು, ಚಾವಿ ಯಾಕೆ ಎಂದೂ ಕೇಳಿದೆ. ಅವಳದು ಒಂದೇ ಮಾತು, ‘ನಾ ಬಸ್ಸಿಗಿ ಹೋಗ್ತೀನಿ, ನನ್ನ ಮಗಂದು ಬಿಚ್ಚಬ್ಯಾಡ.’ ಯಾರಿಂದ ಅವಳು ಆ ಬಿಸಿಲಿನಲ್ಲಿ ಬೆಂದಳೋ ಅವನ ಸಲುವಾಗಿಯೇ ಬಸ್ಸಿನಲ್ಲಿ ನಿಂತು ಹೋಗಲು ತಯಾರು. ಹೆತ್ತವಳ ಕರುಳು ಎನ್ನುತ್ತಾರೆ. ನನಗೆ ಮಕ್ಕಳಿಲ್ಲ, ಗೊತ್ತಿಲ್ಲ.

ಹಾಗಾಗಿ ಚಾವಿ ಮಾಡಿಸಲು ಹೊರಟೆ. ಮೊದಲು ಸೇಡಂ ಬಸ್‌ಸ್ಟ್ಯಾಂಡಿನ ಮಗ್ಗುಲಿಗೆ ಛತ್ರಿಯ ಕೆಳಗೆ ಕೂಡುವ ಚಾವಿಯವನನ್ನು ಮಳಖೇಡಕ್ಕೆ ಕರೆತಂದೆ. ಅವನು ಖಾಲಿ ಚಾವಿಗೆ ಚಿಮಣಿಯ ಮಸಿ ಹಿಡಿಸಿ, ಬಾಗಿಲಿನ ತೂತಿಗೆ ಹಾಕಿ ತಿರುವಿ, ಮಸಿ ಎಲ್ಲಿ ಅಳಿಸಿತೋ ಅಲ್ಲಿ ಅರದಿಂದ ಉಜ್ಜುತ್ತಾ ಎರಡು ತಾಸು ಕೂತ. ಬಾಗಿಲು ತೆರೆಯಿತು. ಒಳಗೆ ಹಾಕಿದಾಗ ಸ್ಟೇರಿಂಗ್ ಕೂಡ ಸಡಿಲಾಯಿತು. ಇಂಜಿನ್ನು ಒಮ್ಮೆ ಗುರ್ ಎಂದು ನಿಂತೇ ಹೋಯಿತು. ಹತ್ತು ಸಲ ಮಾಡಿದರೂ ಅಷ್ಟೇ. ‘ಇದರ ಜೀವ ಚಿಪ್ಪಿನ್ಯಾಗ ಅದರಿ ಅಕ್ಕಾ, ಅದು ನನ್ನ ಕೈಯಾಗಿಂದಲ್ಲ’ ಎಂದು ಅರ ಒರೆಸಿಕೊಂಡ. ಚಾವಿಯ ಪ್ಲಾಸ್ಟಿಕ್ಕಿನ ತಲೆಯೊಳಗೆ ಸಾಸಿವೆಯಷ್ಟು ಒಂದು ಚಿಪ್ಪು ಇರುತ್ತದಂತೆ, ಕಾರಿಗೆ ಅದರ ಗುರುತು ಸಿಕ್ಕರೆ ಮಾತ್ರ ಚಾಲೂ ಆಗುತ್ತದಂತೆ. ನಾಲ್ಕು ವರ್ಷ ಆ ಕಾರಿನಲ್ಲಿ ಕೂತರೂ ನಮಗೆ ಅದು ಗೊತ್ತಿರಲಿಲ್ಲ ನೋಡು.

ಆಮೇಲೆ ಒಂದು ರಜೆಯ ದಿನ ಚಿತ್ತಾಪುರಕ್ಕೆ ಹೋದೆ. ಅಲ್ಲಿಯ ಅಂಗಡಿಯವನು ಬೈಕಿನ ಚಾವಿ ಮಾತ್ರ ಮಾಡುವವನು, ವಾಡಿಗೆ ಹೋಗಿರಿ ಎಂದ. ವಾಡಿಯಲ್ಲಿ ಸ್ಟೇಷನ್ನಿನ ಎದುರಿನ ಅಂಗಡಿಗೆ ಶಟರ್ ಎಳೆದಿತ್ತು. ಮಗ್ಗುಲಲ್ಲಿ ಚಹಾ ಮಾರುವ ಅಂ­ಬುಬಾಯಿ, ಅವನು ಹೈದರಾಬಾದಿಗೆ ಹೋಗಿ ಆರು ತಿಂಗಳಾಯಿತು, ಶಹಾಬಾದಿನಲ್ಲಿ ಅಬ್ದುಲ್ ಗನಿ ಸಾಬರೆಂದು ಇದ್ದಾರೆ, ಅವರಿಂದ ಆಗದ್ದು ಯಾರಿಂದಲೂ ಆಗುವುದಿಲ್ಲ ಎಂದು ನನ್ನನ್ನು ರೈಲು ಹತ್ತಿಸಿದಳು. ಚಹಾದ ಕಪ್ಪು ಕೈಯಲ್ಲಿದ್ದಂತೆಯೇ ಹತ್ತಿದೆ. ಶಹಾಬಾದಿನಲ್ಲಿ ಫರಸಿ ಕಲ್ಲಿನ ರಾಶಿಗಳ ನಡುವೆ ಹುಡುಕಿ ಹುಡುಕಿ ಅವರ ಅಂಗಡಿ ಮುಟ್ಟಿದೆ.

ಗನಿ ಸಾಬರಿಗೆ ಅರವತ್ತು ದಾಟಿದೆ. ರೈಲ್ವೆ ಕ್ವಾರ್ಟರ್ಸಿನ ಕೀಲಿಗಳನ್ನೆಲ್ಲ ರಿಪೇರಿ ಮಾಡುತ್ತಿದ್ದವರು. ‘ಮೊದಲ ಕಿವಿ ಹಚ್ಚಿ ಕೀಲಿ ತೆಗೀತಿದ್ದೆ, ಈಗ ಕಣ್ಣು ಕಿಸದು ಪಾಸ್‌ವರ್ಡ್ ಹೊಡೀಬೇಕು’ ಎಂದು ಲ್ಯಾಪ್‌ಟಾಪ್ ತೋರಿಸಿದರು. ಅವರು ಕೇಳಿದ್ದು ಮೂರು. ಹೊಸ ಕಾರಿನ ಚಾವಿಯ ಜೊತೆ ಬರುವ ನಂಬರಿನ ತಗಡಿನ ಚೂರು, ಆರ್.ಸಿ. ಪುಸ್ತಕ, ಮಾಲೀಕನ ಒಪ್ಪಿಗೆ. ತಗಡಿಗಾಗಿ ಚಿಂಚೋಳಿಗೆ, ಅಶೋಕಕುಮಾರ ಮಾಸ್ತರರಿಗೆ ಫೋನು ಮಾಡಿದೆ. ಪಾಪ, ಹಳೆಯ ಪ್ರಶ್ನೆಪತ್ರಿಕೆಗಳ ಕಪಾಟೆಲ್ಲ ಬರಿದು ಮಾಡಿ ಹುಡುಕಿ, ಬೆಂಕಿಪೆಟ್ಟಿಗೆಯೊಳಗಿಟ್ಟು, ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸಿಕೊಟ್ಟರು. ದತ್ತು ಹೇಗಿದ್ದಾನೆ ಎಂದು ಕೇಳಿದರು. ದೂರದ ಡ್ಯೂಟಿಯಲ್ಲಿದ್ದಾನೆ ಎಂದೆ.

ಒಪ್ಪಿಗೆ ಪತ್ರ ನಾನೇ ಬರೆದು ನಿನ್ನ ಸಹಿ ಹಾಕಿದೆ. ನಿನ್ನ ಏಳನೆಯ ಇಯತ್ತೆಯ ಗಣಿತದ ಅಂಕಪಟ್ಟಿಗೆ ಅಪ್ಪನ ಸಹಿ ಹಾಕಿದ ಕೈಯೇ ಇದು, ಮರೆತಿಲ್ಲವಷ್ಟೇ. ಗನಿ ಸಾಬರು ಚೀಟಿಯನ್ನು ಬೆಳಕಿಗೆ ಹಿಡಿದು, ‘ಸಹಿ ಇನ್ನಾ ಆರಿಲ್ಲಲ್ಲವಾ’ ಎಂದರು. ನನ್ನ ಆಧಾರ್ ಕಾರ್ಡಿನ ಫೋಟೋ ತೆಗೆದುಕೊಂಡು, ಚಾಂದ್ ಸಾಬರಿಗೆ ಫೋನು ಹಚ್ಚಿ ಬಹಳ ಹೊತ್ತು ಮಾತಾಡಿದರು. ಇಟ್ಟ ಮೇಲೆ ಏನೂ ಕೇಳದೆ ರವಿವಾರ ಬರುತ್ತೇನೆ ಎಂದರು.

ಹೋದ ರವಿವಾರ ಬಂದರು. ಅಂಗಳದಲ್ಲಿ ಹೊರಸು ಹಾಕಿ ಕೂಡ್ರಿಸಿದೆವು. ಚಹಾ ಕುಡಿಯುತ್ತಾ, ಒಟ್ಟು ಎಷ್ಟು ಚಾವಿ ಎಂದು ಕೇಳಿದರು. ಎರಡು, ಎರಡೂ ಇಲ್ಲಿಲ್ಲ ಎಂದೆ. ಆಗ ಅವರು ಹೇಳಿದ ಮಾತಿನಿಂದ ಕೆಲಸವೆಲ್ಲ ಅಲ್ಲಿಗೇ ನಿಂತಿತು. ಹೊಸ ಚಾವಿಯ ಗುರುತು ಬರೆಸುವಾಗ ಕಾರು ಹಳೆಯ ಗುರುತುಗಳನ್ನೆಲ್ಲ ಅಳಿಸಿಹಾಕುತ್ತದಂತೆ. ಅಲ್ಲಿ ಹಾಜರಿದ್ದ ಚಾವಿಗಳನ್ನು ಒಂದೊಂದಾಗಿ ಮತ್ತೆ ತೋರಿಸಿದರೆ ಅವು ಉಳಿಯುತ್ತವೆ. ‘ಇಲ್ಲಿ ಇಲ್ಲದ ಚಾವಿ ಸತ್ತಂಗೇ ನೋಡ್ರಿ. ಬಾಗಿಲಾ ತೆಗಿತದ, ಗಾಡಿ ಚಾಲೂ ಮಾಡಂಗಿಲ್ಲ.’

ಅವ್ವ ಹೊಸ್ತಿಲಲ್ಲಿ ಕೂತು ಕೇಳುತ್ತಿದ್ದಳು. ದರ್ಗಾದಾಗಿಂದು ಭೀ ಸಾಯ್ತದೇನು ಎಂದು ಕೇಳಿದಳು. ಹೌದು ಎಂದರು. ಸತ್ತ ಚಾವಿ ಕಟ್ಟಿದರೆ ಹರಕೆ ನಡೆಯುತ್ತದೇನು ಎಂದಳು. ಗನಿ ಸಾಬರು ಅದು ತಮ್ಮ ಲೈನಿನ ಮಾತಲ್ಲ ಎಂದು ಚಹಾ ಮುಗಿಸಿದರು. ಅವ್ವ ಎದ್ದು ಚಪ್ಪಲಿ ಮೆಟ್ಟಿಕೊಂಡು ದರ್ಗಾದ ಕಡೆ ಹೊರಟೇಬಿಟ್ಟಳು, ಹಿಂದೆ ನಾನು, ನನ್ನ ಹಿಂದೆ ಲ್ಯಾಪ್‌ಟಾಪಿನ ಚೀಲ ಹೆಗಲಿಗೆ ಹಾಕಿಕೊಂಡು ಗನಿ ಸಾಬರು. ದರ್ಗಾ ನೋಡಿಕೊಳ್ಳುವ ಮುಜಾವರ ಮುಕ್ರಮ ಸಾಬರು ಎಲ್ಲ ಕೇಳಿ ಗಡ್ಡ ನೀವಿಕೊಂಡು, ಕಂಬಿಯ ಹತ್ತಿರ ಹೋಗಿ ದಾರ ಎಳೆದು ನೋಡಿದರು. ಕಡೆಗೆ, ಚಾವಿ ಕಂಬಿಯ ದಾರ ಬಿಡಬಾರದು, ಹರಕೆ ಇರುವುದು ಅಷ್ಟೇ, ದಾರ ಎಷ್ಟುದ್ದ ಇರಬೇಕೆಂದು ಯಾರೂ ಹೇಳಿಲ್ಲ ಎಂದರು. ಮೊದಲು ಉದ್ದನೆಯ ಹೊಸ ದಾರ ಕಟ್ಟಿ, ಆಮೇಲೆ ಹಳೆಯದನ್ನು ಕತ್ತರಿಸಿದರೆ ಚಾವಿ ಒಂದು ಗಳಿಗೆಯೂ ಬಿಡುಗಡೆ ಆದಂತಾಗುವುದಿಲ್ಲ. ‘ಚಾವಿ ಗಾಡಿಗಿ ಬರೂದು ಬ್ಯಾಡ. ಗಾಡೀನೇ ಚಾವಿ ಕಡಿ ಬರಲಿ.’

ಕಾರನ್ನು ದರ್ಗಾಕ್ಕೆ ನೂಕಿಕೊಂಡು ಹೋದೆವು, ದತ್ತು. ಸೇಡಂನವನು ಮಾಡಿಕೊಟ್ಟ ಚಾವಿಯಿಂದ ಸ್ಟೇರಿಂಗ್ ಸಡಿಲಿಸಿ ನಾನು ಒಳಗೆ ಕೂತೆ. ಚಾಂದ್ ಸಾಬರು, ಜಬೀನ್, ಓಣಿಯ ಏಳೆಂಟು ಜನ ಹಿಂದೆ. ಬ್ಯಾಟರಿ ಖಾಲಿಯಾಗಿತ್ತು, ಜಬೀನ್ ತನ್ನ ಗಾಡಿಯನ್ನು ಅಲ್ಲಿಗೇ ತಂದು ತಂತಿ ಹಚ್ಚಿದಳು. ಕಾರಿನ ಮೂತಿಯನ್ನು ದರ್ಗಾದ ಗೋಡೆಗೆ ಒತ್ತಿ ನಿಲ್ಲಿಸಿದೆವು. ಮುಕ್ರಮ ಸಾಬರು ಹನ್ನೆರಡು ಮೊಳ ಹಸಿರು ದಾರ ಕಟ್ಟಿದರು. ಕಂಬಿಯಿಂದ ಹೊರಟ ದಾರ ಬಾನೆಟ್ಟಿನ ಮೇಲೆ ಹಾಯ್ದು, ಕಿಟಕಿಯೊಳಗೆ ನುಗ್ಗಿ, ಸ್ಟೇರಿಂಗಿನ ಕೆಳಗಿನ ಚಾವಿಗೆ. ದಾರ ನೆಲಕ್ಕೆ ತಾಗಬಾರದೆಂದು ಅವ್ವ ನಡುವೆ ನಿಂತು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದಳು, ಸೂಜಿ ಚುಚ್ಚಿಸಿಕೊಳ್ಳುವ ಕೈಯನ್ನೂ. ಕೈ ಇಳಿಸು ಎಂದರೆ ಕೇಳಲಿಲ್ಲ. ಜನ ನಕ್ಕರು, ಜಬೀನ್ ವಿಡಿಯೋ ಮಾಡಿದಳು. ನಗುವಂಥದ್ದೇ ಅದು. ನನಗೆ ನಗು ಬರಲಿಲ್ಲ. ದಾರ ಗಾಳಿಗೆ ಅಲ್ಲಾಡುವುದನ್ನು ನೋಡುತ್ತಾ ಕೂತಿದ್ದೆ.

ಮಶೀನು ಹಚ್ಚುವ ಮೊದಲು ಗನಿ ಸಾಬರು ನಿನ್ನ ಚಾವಿಯ ಬಗ್ಗೆ ಮತ್ತೊಮ್ಮೆ ಕೇಳಿದರು. ಕೇಂದ್ರದವರು ಕೊಡುವುದಿಲ್ಲ ಎಂದೆ. ಅವ್ವ ದಾರ ಹಿಡಿದುಕೊಂಡೇ, ಹಾಗಾದರೆ ನನ್ನ ಮಗನ ಚಾವಿಯ ಗತಿ ಏನು ಎಂದಳು. ಅವನು ಬಂದ ಮೇಲೆ ತೋರಿಸಿದರೆ ಮತ್ತೆ ಗುರುತು ಬರೆಸಬಹುದು, ಹತ್ತು ಮಿನಿಟಿನ ಕೆಲಸ ಎಂದು ಅವಳಿಗೆ ಹೇಳಿದೆ. ಅದು ಖರೆಯೇ. ಅವಳು ದಾರವನ್ನು ಇನ್ನಷ್ಟು ಮೇಲಕ್ಕೆ ಎತ್ತಿ ಹಿಡಿದಳು. ಗನಿ ಸಾಬರು ಏನೇನೋ ಒತ್ತಿದರು. ದರ್ಗಾದ ಚಾವಿ ಒಮ್ಮೆ, ಹೊಸ ಚಾವಿ ಒಮ್ಮೆ ತಿರುವಲು ಹೇಳಿದರು, ಎರಡಕ್ಕೂ ಇಂಜಿನ್ನು ಚಾಲೂ ಆಗಿ ನಿಲ್ಲದೆ ಓಡಿತು. ಮುಕ್ರಮ ಸಾಬರು ದಾರ ಸುತ್ತಿಕೊಳ್ಳುತ್ತಾ ಹೋಗಿ ಚಾವಿಯನ್ನು ಮೊದಲಿನ ಜಾಗಕ್ಕೇ ಮುಟ್ಟಿಸಿದರು. ಈಗ ಅದು ಅಲ್ಲಿದೆ, ಜೀವಂತ ಇದೆ. ಹೊಸದು ನನ್ನ ಹತ್ತಿರ ಇದೆ. ನಿನ್ನದಕ್ಕೆ ಜೀವವಿಲ್ಲ.

ಸೋಮವಾರಕ್ಕೆ ಬ್ಯಾಟರಿ ರಿಪೇರಿಯಾಗಲಿಲ್ಲ, ಗುರುವಾರ ಅವ್ವನನ್ನು ನಾನೇ ಕರೆದುಕೊಂಡು ಹೋದೆ. ಹಿಂದಿನ ಸೀಟಿಗೆ ಅವಳು ಒಪ್ಪಲಿಲ್ಲ, ಮುಂದಿನ ಬಾಗಿಲ ಹತ್ತಿರ ಹೋಗಿ ನಿಂತಳು. ಆವತ್ತಿನ ಬಗ್ಗೆ ಅವಳು ಹೇಳಿದ್ದು ಇಷ್ಟೇ ಎಂದು ತಿಳಿ. ನಲವತ್ತರ ಮೇಲೆ ಓಡಿಸಲಿಲ್ಲ, ಸಿಮೆಂಟಿನ ಲಾರಿಗಳು ಹಾರ್ನು ಹೊಡೆದು ಕಿವಿ ಕಿತ್ತವು. ಬರುವಾಗ ಅವಳು ನಿದ್ದೆ ಹೋದಳು. ಬೇವಿನ ಮರ ಬಂತು, ಹೋಯಿತು. ಮನೆ ಮುಂದೆ ನಿಲ್ಲಿಸಿದ ಮೇಲೆ ಅವಳನ್ನು ಎಬ್ಬಿಸಲು ಮನಸ್ಸಾಗದೆ ಬಾಗಿಲುಗಳನ್ನೆಲ್ಲ ತೆರೆದಿಟ್ಟು ಮಗ್ಗುಲಲ್ಲೇ ಕೂತಿದ್ದೆ. ಸಂತೋಷವಾಗಬೇಕಿತ್ತು, ದತ್ತು. ಕೆಲಸ ಮುಗಿಯಿತು ಎಂದಷ್ಟೇ ಅನಿಸಿತು.

ಸಾಕು, ಕೈ ನೋಯುತ್ತಿದೆ. ಹೇಳಿದ ಮಾತ್ರೆ ನುಂಗು, ಅಲ್ಲಿಯವರ ಜೊತೆ ಜಗಳ ತೆಗೆಯಬೇಡ. ನಿನಗೆ ಮೈಯಲ್ಲಿ ಬಲ ಬರಲಿ ಎಂದು ಅವ್ವ ಹಾರೈಸಿದ್ದಾಳೆ, ಉಂಡಿ ಡಬ್ಬಿಯಲ್ಲಿ ನಿನ್ನ ಪಾಲು ಎತ್ತಿಡುತ್ತಾಳಂತೆ. ಚಾಂದ್ ಸಾಬರು ಸಲಾಂ ತಿಳಿಸಿದ್ದಾರೆ.

ನಿನ್ನ ಒಳ್ಳೆಯದನ್ನೇ ಬಯಸುವ ಅಕ್ಕ,
ಸುಜಾತಾ

ತಾ.ಕ.: ಲಕೋಟೆಗೆ ಹಾಕಿದ್ದನ್ನು ಮತ್ತೆ ತೆಗೆದು ಬರೆಯುತ್ತಿದ್ದೇನೆ. ಜಬೀನ್ ಕಲಬುರಗಿಗೆ ಹೊರಟಿದ್ದಾಳೆ, ಪತ್ರ ಅವಳ ಕೈಯಲ್ಲೇ ಕಳಿಸಬೇಕು, ಹೊರಗೆ ಹಾರ್ನು ಹೊಡೆಯುತ್ತಿದ್ದಾಳೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ನಿನ್ನ ಚಾವಿ ಕೊಡುವುದಿಲ್ಲ ಎಂದು ಕೇಂದ್ರದವರು ಹೇಳಿಯೇ ಇಲ್ಲ. ಆಧಾರ್ ಕಾರ್ಡ್ ತಂದು ತೋರಿಸಿ ಒಯ್ಯಿರಿ ಎಂದು ಜೂನ್ ಮೊದಲ ವಾರದಲ್ಲೇ ಕಾರಕೂನರು ಹೇಳಿದ್ದರು. ಒಂದು ಬಸ್ಸು, ಒಂದು ದಿನದ ಕೆಲಸ. ನನಗೆ ಲೈಸೆನ್ಸ್ ಬರುವ ತನಕ ಚಾಂದ್ ಸಾಬರು ಓಡಿಸಿಕೊಡಲು ತಯಾರಿದ್ದರು. ನಾನು ಹೋಗಲಿಲ್ಲ. ಅದರ ಬದಲು ನಾಲ್ಕು ಊರು ತಿರುಗಿದೆ, ಅಷ್ಟು ದಿನ ಅವ್ವ ಬಸ್ಸಿನಲ್ಲಿ ನಿಂತಳು. ಅವಳ ಸೀರೆಗೆ ಇಳಿದ ರಕ್ತ ನನ್ನ ಲೆಕ್ಕದ್ದು, ನಿನ್ನದಲ್ಲ. ಆ ಚಾವಿ ಮನೆಗೆ ತಂದಿದ್ದರೆ ನೀನು ಬಂದ ದಿನವೇ ಅವ್ವ ಅದನ್ನು ನಿನ್ನ ಕೈಗೆ ಕೊಡುತ್ತಿದ್ದಳು, ನಾನು ಬೇಡವೆನ್ನಲು ಬಾಯಿ ಬಾರದೆ ನಿಂತಿರುತ್ತಿದ್ದೆ. ನಿನ್ನ ಚಾವಿ ತಾನಾಗಿ ಸಾಯಲಿಲ್ಲ, ನಾನೇ ಸಾಯಿಸಿದೆ. ಉರುಸಿನ ತನಕ ಅದಕ್ಕೆ ಮತ್ತೆ ಗುರುತು ಬರೆಸಗೊಡುವುದೂ ಇಲ್ಲ, ಅವ್ವ ಅತ್ತರೂ ಇಲ್ಲ. ಅವ್ವನಿಗೆ ಇದಾವುದೂ ಗೊತ್ತಿಲ್ಲ. ನಿನಗೆ ಗೊತ್ತಿರಬೇಕು, ಅದೂ ಅಲ್ಲಿಂದ ಹೊರಡುವ ಮೊದಲು. ಆಗಸ್ಟ್ ಹತ್ತೊಂಬತ್ತರ ಬೆಳಿಗ್ಗೆ ಹತ್ತಕ್ಕೆ ಕಾರು ತೆಗೆದುಕೊಂಡು ಬರುತ್ತೇನೆ. ಇದನ್ನು ಓದಿದ ಮೇಲೂ ನನ್ನ ಜೊತೆ ಮನೆಗೆ ಬರಬೇಕೆನಿಸಿದರೆ ಗೇಟಿನ ಹತ್ತಿರ ನಿಂತಿರು.